ದಿನಾ ಬೆಳಿಗ್ಗೆ ಗಿನಿಪಿಗ್ ತೂಗುವ ಹುಚ್ಚು

ನಮ್ಮ ಮನೆಯಲ್ಲಿ ಈಗ ಒಂಬತ್ತು ಗಿನಿಪಿಗ್ ಇವೆ. ಸತ್ತದ್ದು ಆರು. ಅದರಲ್ಲಿ ಐದು ಮೊದಲ ಎರಡು ವರ್ಷದಲ್ಲೇ ಹೋದವು. ಆಮೇಲಿನ ಮೂರು ವರ್ಷದಲ್ಲಿ ಹೋಗಿದ್ದು ಒಂದೇ, ಅದೂ ವಯಸ್ಸಾಗಿ. ನಡುವೆ ಮನೆಗೆ ಬಂದದ್ದು ಅಡುಗೆಮನೆಯಲ್ಲಿಡುವ ತೂಕದ ಮಷೀನು. ಏಳುನೂರೋ ಎಂಟುನೂರೋ ಕೊಟ್ಟ ನೆನಪು.

"ನಿನ್ನನ್ನೇ ನಾನು ಹೀಗೆ ದಿನಾ ತೂಗಿಲ್ಲ ಕಣೋ" ಅಂತ ಅಮ್ಮ ನಕ್ಕಿದ್ದರು.

ಮೊದಲು ಹೋಗಿದ್ದು ಕೆಂಚಿ. ಸೀನುತ್ತಿತ್ತು. ತೋರಿಸಿದ ಕಡೆ ನಾಯಿಮರಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ ಬರೆದುಕೊಟ್ಟರು. ನಾನೂ ಕಣ್ಣುಮುಚ್ಚಿ ಕುಡಿಸಿದೆ. ಮೂರನೇ ದಿನ ಭೇದಿ, ನಾಲ್ಕನೇ ದಿನ ಕೆಂಚಿ ಇಲ್ಲ. ಪೆನಿಸಿಲಿನ್ ಜಾತಿಯ ಔಷಧಿ ಬಾಯಿಗೆ ಹಾಕಿದರೆ ಇವುಗಳ ಕರುಳೇ ಕೆಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಎಲ್ಲಾ ಸೇರಿ ಸಾವಿರದ ನಾನೂರು ಕೊಟ್ಟು ಕಲಿತ ಪಾಠ. ಈಗ ಚೀಟಿಯಲ್ಲಿ ಆ ಹೆಸರು ಕಂಡರೆ ಅಲ್ಲೇ ನಿಂತು ಕೇಳುತ್ತೇನೆ.

ಇನ್ನೊಂದು ಗಿನಿಪಿಗ್ ತನ್ನ ಹಿಂಗಾಲು ಎಳೆಯತೊಡಗಿತು, ಕೀಲು ಊದಿತ್ತು. ವಿಟಮಿನ್ ಸಿ ಕೊರತೆ. ನಾನೋ ಹನಿ ಔಷಧಿಯನ್ನು ನೀರಿನ ಬಾಟಲಿಗೆ ಹಾಕಿ ನೆಮ್ಮದಿಯಾಗಿದ್ದೆ. ನೀರಲ್ಲಿ, ಬೆಳಕಲ್ಲಿ ಅದರ ಸತ್ವ ಬೇಗ ಹೋಗುತ್ತದೆ. ಅದನ್ನು ಬಿಟ್ಟು ನೆಲ್ಲಿಕಾಯಿ ಹೆಚ್ಚಿ ಇಟ್ಟೆ, ಒಂದೂ ಮೂಸಲಿಲ್ಲ. ಕೊನೆಗೆ ದೊಣ್ಣೆ ಮೆಣಸಿನಕಾಯಿಯೇ ಗತಿಯಾಯಿತು.

ಈಗ ತೂಕದ ವಿಷಯ. ಬೆಳಿಗ್ಗೆ ಸೊಪ್ಪು ಹಾಕುವ ಮುಂಚೆ ಒಂದೊಂದನ್ನೇ ಸ್ಟೀಲ್ ಬೋಗುಣಿಯಲ್ಲಿ ಕೂರಿಸಿ ತೂಗಿ ಬರೆಯುತ್ತೇನೆ. ಇಪ್ಪತ್ತು, ಮೂವತ್ತು ಗ್ರಾಂ ಆಚೀಚೆ ಆಗೋದು ಮಾಮೂಲಿ. ಸತತ ಇಳಿದು ಐವತ್ತು ದಾಟಿತೋ, ನಾನು ಕಾಯಲ್ಲ. ಕಾಯಿಲೆಯಾಗಿ ಇವು ಮುದುಡಿ ಕೂತು ಕೂದಲು ನಿಮಿರಿಸುವ ಹೊತ್ತಿಗೆ ತಡವಾಗಿರುತ್ತದೆ.

ಕಳೆದ ವರ್ಷ ಮುದ್ದಿ 960 ಗ್ರಾಂ ಇದ್ದದ್ದು 930 ಆಯಿತು, ಆಮೇಲೆ 890. ನೋಡೋಕೆ ಏನೂ ಇಲ್ಲ. ಫ್ರಿಜ್ ಬಾಗಿಲು ತೆಗೆದರೆ ವೀಕ್ ವೀಕ್ ಅಂತ ಕೂಗುತ್ತಿತ್ತು. "ನಿಮ್ಮ ಮಷೀನೇ ಕೆಟ್ಟಿರಬೇಕು ಕಣ್ರೀ" ಅಂದಳು ನನ್ನ ಹೆಂಡತಿ. ಒಂದು ಕಿಲೋ ಸಕ್ಕರೆ ಪ್ಯಾಕೆಟ್ ಇಟ್ಟು ನೋಡಿದೆ, ಮಷೀನು ಸರಿ ಇತ್ತು. ಆಮೇಲೆ ನೆಲಕ್ಕೆ ಕೂತು ಗಮನಿಸಿದೆ. ಮೆಣಸಿನಕಾಯಿ ತುಂಡು ಬಾಯಿಗೆ ಹಾಕುತ್ತೆ, ಎರಡು ಸಲ ಅಗಿಯುತ್ತೆ, ಕೆಳಗೆ ಬೀಳಿಸುತ್ತೆ. ಗದ್ದ ಒದ್ದೆ. ಹಿಕ್ಕೆ ಸಣ್ಣಗಾಗಿ, ಒಂದು ತುದಿ ಚೂಪಾಗಿತ್ತು.

ಈ ಸಲ ಮೊಲ, ಗಿನಿಪಿಗ್ ನೋಡಿ ಅಭ್ಯಾಸ ಇರುವ ಡಾಕ್ಟರನ್ನೇ ಹುಡುಕಿಕೊಂಡು ಹೋದೆ. ಕೆಳದವಡೆಯ ಹಿಂದಿನ ಹಲ್ಲು ಬೆಳೆದು ನಾಲಿಗೆ ಮೇಲೆ ಬಾಗಿತ್ತು. ಅರಿವಳಿಕೆ ಕೊಟ್ಟು ಸವರಿದರು. ಮೂರೂವರೆ ಸಾವಿರ ಆಯಿತು. ಮುಂದೆ ಎಂಟು ದಿನ ನನ್ನ ಪಾಳಿ. ಪೆಲೆಟ್, ಅಂದರೆ ಗುಳಿಗೆಯಂಥ ಒಣ ಆಹಾರ, ನೆನೆಸಿ ಕಿವುಚಿ, ಒಂದು ಎಂ.ಎಲ್. ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಚೂರುಚೂರೇ. ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೆ ನಾನು ಒಂದು ಸೊಪ್ಪಿನ ರಸ ಬೆರೆಸುತ್ತೇನೆ, ಗಟಗಟ ನುಂಗುತ್ತವೆ. ಯಾವ ಸೊಪ್ಪು ಅಂತ ಮಾತ್ರ ಕೇಳಬೇಡಿ.

ಹಲ್ಲು ಸವೆಯಲಿ ಅಂತ ಒಣಹುಲ್ಲು ಜಾಸ್ತಿ ಮಾಡಿದೆ. ಟೆರೇಸಿನ ಟ್ರೇಗಳಲ್ಲಿ ಗರಿಕೆಯನ್ನೂ ಬೆಳೆಸುತ್ತಿದ್ದೇನೆ. ಗಣೇಶನ ಹಬ್ಬದ ವಾರ ಮಾರ್ಕೆಟ್‌ನಲ್ಲಿ ಅದರ ರೇಟು ಕೇಳಿದ್ದೀರಲ್ಲ! ಏಪ್ರಿಲ್ ಸೆಖೆಗೆ ಹೆಂಚು ನೆನೆಸಿ ಗೂಡಲ್ಲಿಟ್ಟದ್ದು ಮಾತ್ರ ಕೈಕೊಟ್ಟಿತು. ತಂಪೇನೋ ಆಯಿತು, ಆದರೆ ಒದ್ದೆಗೆ ಎರಡರ ಪಾದ ಹುಣ್ಣಾಯಿತು.

ಹೆಂಡತಿ ಅಡುಗೆಮನೆಗೆ ಬೇರೆ ಮಷೀನು ತರಿಸಿಕೊಂಡಿದ್ದಾಳೆ. ಮುದ್ದಿ ಇವತ್ತು 1,010. ಕರಿಯ ನಿನ್ನೆಗಿಂತ ಮೂವತ್ತೈದು ಕಮ್ಮಿ. ಸಂಜೆ ಇನ್ನೊಮ್ಮೆ ಕೂರಿಸಿ ನೋಡಬೇಕು.