ಮೈಲುತುತ್ತದ ಅಪಾಯ ಯಾರಿಗೆ? ಶಿರಸಿಯ ಅಡಿಕೆ ತೋಟಗಳಲ್ಲಿ ಲೆಕ್ಕ ಹಾಕಿದ ಬಗೆ

ಮೈಸೂರು ಸಂಸ್ಥಾನದಲ್ಲಿ ಸಸ್ಯರೋಗ ತಜ್ಞ ಲೆಸ್ಲಿ ಕೋಲ್‌ಮನ್ ಅವರು 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ಮಿಶ್ರಣವನ್ನು ಸೂಚಿಸಿದಂದಿನಿಂದ ಮಲೆನಾಡಿನ ತೋಟಗಳ ಮೇಲೆ ಪ್ರತಿ ಮಳೆಗಾಲದಲ್ಲೂ ತಾಮ್ರ ಬೀಳುತ್ತಲೇ ಇದೆ. ಶಿರಸಿ ಸಮೀಪದ ಕಣಿವೆಯೊಂದರ ತೋಟಿಗರು, ರಸಾಯನಶಾಸ್ತ್ರ ಕಲಿಸುವ ನನ್ನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ತೋಟದಂಚಿನ ಬಾವಿಯ ನೀರು ಕುಡಿಯಲು ಯೋಗ್ಯವೇ?

ಯಾವುದೇ ಬಾಟಲಿ ತುಂಬುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದೆ. ಶೇಕಡಾ ಒಂದರ ಮಿಶ್ರಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರವಾದ್ದರಿಂದ ಒಂದು ಲೀಟರ್ ಮಿಶ್ರಣದಲ್ಲಿ ಎರಡೂವರೆ ಗ್ರಾಂ ತಾಮ್ರವಿರುತ್ತದೆ. ಮೂರು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು 21,000 ಲೀಟರ್. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ಆ ಬಾವಿ ಅಲ್ಲಿಗೆ ಮುಟ್ಟಲು 42 ಗ್ರಾಂ ತಾಮ್ರ, ಅಂದರೆ ಹದಿನೇಳು ಲೀಟರಿನಷ್ಟು ಮಿಶ್ರಣ ನೇರವಾಗಿ ನೀರಿಗೆ ಬಿದ್ದು ಪೂರ್ತಿ ಕರಗಬೇಕು. ಸುಣ್ಣ ಸರಿಯಾಗಿ ಬೆರೆತ ಮಿಶ್ರಣದಲ್ಲಿ ತಾಮ್ರ ಬಹುಪಾಲು ಕರಗದ ರೂಪದಲ್ಲಿರುತ್ತದೆ, ಸೊಪ್ಪು ಕೊಳೆತ ತೋಟದ ಮಣ್ಣಂತೂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ಮರದ ಮೇಲಿಂದ ತೊಳೆದು ಬರುವುದಕ್ಕಿಂತ, ಬಾವಿಕಟ್ಟೆಯ ಪಕ್ಕದಲ್ಲಿ ಬ್ಯಾರಲ್ ತೊಳೆದು ಚೆಲ್ಲುವುದೇ ಹೆಚ್ಚು ಚಿಂತೆಯ ಸಂಗತಿ ಎಂಬುದು ಅಲ್ಲಿಯೇ ಗೊತ್ತಾಯಿತು.

ಮಾದರಿಗಳನ್ನು ಔಷಧಿ ಹೊಡೆಯುವ ಮುನ್ನ, ಮೊದಲ ಜೋರು ಮಳೆಯ ನಂತರ ಮತ್ತು ಮಳೆಗಾಲದ ಕೊನೆಗೆ ತೆಗೆದೆ. ನೈಟ್ರಿಕ್ ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿಗಳನ್ನೇ ಬಳಸಿದೆ. ಪ್ರತಿ ಬಾವಿಯಿಂದ ಸೋಸಿದ್ದೊಂದು, ಸೋಸದ್ದೊಂದು. ಇವೆರಡರ ಅಂತರವೇ ತಾಮ್ರ ಕರಗಿದೆಯೋ ಕೆಸರಿನ ಕಣಗಳಿಗೆ ಅಂಟಿಕೊಂಡಿದೆಯೋ ಎಂಬುದನ್ನು ಹೇಳುತ್ತದೆ. ಯಾವ ಬಾವಿಯೂ 2 ಮಿಲಿಗ್ರಾಮಿನ ಹತ್ತಿರ ಸುಳಿಯಲಿಲ್ಲ. ಆದರೆ ಒಂದು ಮನೆಯಲ್ಲಿ ಅಡುಗೆಮನೆಯ ನೀರು ಬಾವಿಯ ನೀರಿಗಿಂತ ಎಷ್ಟೋ ಹೆಚ್ಚು ತಾಮ್ರ ತೋರಿಸಿತು. ಜಂಬಿಟ್ಟಿಗೆ ನೆಲದ ನೀರು ತುಸು ಆಮ್ಲೀಯವಾದ್ದರಿಂದ ತಾಮ್ರವನ್ನು ಕರಗಿಸುತ್ತದೆ. ಅದನ್ನು ರಾತ್ರಿಯಿಡೀ ತಾಮ್ರದ ಕೊಡದಲ್ಲಿಟ್ಟು ಬೆಳಿಗ್ಗೆ ಕುಡಿಯುವ ರೂಢಿ ಆ ಮನೆಯಲ್ಲಿತ್ತು. ತೋಟದ ತಾಮ್ರವನ್ನು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಕೊಡದ ತಾಮ್ರ! ಮೂಲದಲ್ಲಿ ಎಷ್ಟಿದೆ ಎಂಬುದಕ್ಕಿಂತ ಬಾಯಿಗೆ ಎಷ್ಟು ಹೋಗುತ್ತದೆ ಎಂಬುದನ್ನೇ ಅಳೆಯಬೇಕಾದ್ದರಿಂದ, ಮುಂದೆ ಎಲ್ಲ ಮನೆಗಳಲ್ಲೂ ಕುಡಿಯುವ ಲೋಟದ ನೀರನ್ನೇ ತೆಗೆದುಕೊಂಡೆ.

ಲೆಕ್ಕಕ್ಕೆ ದೊಡ್ಡವರನ್ನಲ್ಲ, ಮಕ್ಕಳನ್ನು ಹಿಡಿದೆ. ಅಮೆರಿಕದ ಪೋಷಣಾ ಮಿತಿಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 10 ಮಿಲಿಗ್ರಾಂ ತಾಮ್ರ ಮೇಲ್ಮಿತಿಯಾದರೆ, ಒಂದರಿಂದ ಮೂರು ವರ್ಷದ ಮಗುವಿಗೆ 1 ಮಿಲಿಗ್ರಾಂ ಮಾತ್ರ. ಹತ್ತು ಕಿಲೋ ತೂಕದ ಮಗು ಲೀಟರ್ ನೀರು ಕುಡಿದರೆ, ಅರವತ್ತು ಕಿಲೋದವರು ಮೂರು ಲೀಟರ್ ಕುಡಿದುದಕ್ಕಿಂತ ಕಿಲೋವೊಂದಕ್ಕೆ ಎರಡು ಪಟ್ಟು ತಾಮ್ರ ಅದರ ದೇಹಕ್ಕೆ ಸೇರುತ್ತದೆ. ಆ ಕೊಡದ ನೀರನ್ನು ಮಗುವಿಗೆ ಕೊಡಬೇಡಿ ಎಂದು ಹೇಳಲು ಇಷ್ಟು ಸಾಕಾಯಿತು.

ಬಾವಿಯ ವಿಷಯ ಇಲ್ಲಿಗೆ ಮುಗಿಯಿತು. ಆದರೆ ತೋಟಿಗರು ಕೇಳದೇ ಇದ್ದ ಪ್ರಶ್ನೆಯೇ ನನ್ನ ವರದಿಯ ಹೆಚ್ಚು ಪುಟ ತಿಂದಿತು. ತೋಟದ ಒಡೆಯನಿಗೆ ಔಷಧಿ ಹೊಡೆಸುವುದು ಹಂಗಾಮಿನಲ್ಲಿ ಎರಡು ಮೂರು ಸಲದ ಕೆಲಸ. ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಕೊಯ್ಯುವ ಕೊನೆಗೌಡನಿಗೆ ಮಳೆ ಬಿಡುವು ಕೊಟ್ಟ ದಿನವೆಲ್ಲ ಅದೇ ಕೆಲಸ, ಇಂದು ಈ ತೋಟ, ನಾಳೆ ಇನ್ನೊಂದು. ತೋಟವನ್ನು ಘಟಕವಾಗಿ ಇಟ್ಟುಕೊಂಡರೆ ಅವನ ಪಾಲಿನ ತಾಮ್ರ ಕಾಣುವುದೇ ಇಲ್ಲ. ಆದ್ದರಿಂದ ಒಬ್ಬ ಕೊನೆಗೌಡನ ಹಿಂದೆಯೇ ಇಡೀ ದಿನ ತಿರುಗಿ, ಯಾವ ಹಂತದಲ್ಲಿ ಮೈಗೆ, ಕಣ್ಣಿಗೆ, ಮೂಗಿಗೆ ಏನು ತಾಗುತ್ತದೆ ಎಂದು ಬರೆದುಕೊಂಡೆ. ಬೆಳಿಗ್ಗೆ ಪುಡಿ ಸುರಿಯುವಾಗ ನೀಲಿ ಧೂಳು ಏಳುತ್ತದೆ. ಸುಣ್ಣದ ತಿಳಿಗೆ ತುತ್ತದ ನೀರನ್ನು ಹೊಯ್ದು ಕೋಲಿನಿಂದ ತಿರುಗಿಸುವಾಗ ಮುಖಕ್ಕೆ ಸಿಡಿಯುತ್ತದೆ. ಉಜ್ಜಿದ ಕತ್ತಿಯನ್ನು ಅದ್ದಿ ನೋಡುತ್ತಾರೆ. ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು, ಕರಗಿದ ತಾಮ್ರ ಇನ್ನೂ ಉಳಿದಿದೆ ಎಂಬುದರ ಗುರುತಾದ್ದರಿಂದ, ಕಣ್ಣಿಗೂ ಚರ್ಮಕ್ಕೂ ಅದೇ ಹೆಚ್ಚು ತೊಂದರೆಯ ಮಿಶ್ರಣ.

ಮೂಗಿನ ಲೆಕ್ಕವನ್ನು ನುಂಗುವ ಮಿತಿಯಿಂದ ಮಾಡಲು ಬರುವುದಿಲ್ಲ. ಹೊಟ್ಟೆ ನಿಭಾಯಿಸುವ ತಾಮ್ರವನ್ನು ಶ್ವಾಸಕೋಶ ಹಾಗೆ ನಿಭಾಯಿಸುವುದಿಲ್ಲ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದೇ ಮಿಶ್ರಣ ಹೊಡೆದವರ ಶ್ವಾಸಕೋಶದ ಕಾಯಿಲೆಯನ್ನು ವೈದ್ಯರು 1969ರಲ್ಲಿ ವರದಿ ಮಾಡಿದ್ದರು. ಕೆಲಸದ ಸ್ಥಳದ ಗಾಳಿಯಲ್ಲಿ ತಾಮ್ರದ ಧೂಳು ಮತ್ತು ತುಂತುರಿಗೆ ಎಂಟು ತಾಸಿನ ಸರಾಸರಿಯಲ್ಲಿ ಘನಮೀಟರಿಗೆ 1 ಮಿಲಿಗ್ರಾಂ ಎಂಬ ಅಮೆರಿಕದ ಮಿತಿಯನ್ನು ನಾನು ಅಳತೆಗೋಲಾಗಿ ಇಟ್ಟುಕೊಂಡೆ. ಮಾಸ್ಕಿನ ಮಾತೆತ್ತಿದಾಗ ಆ ಕೊನೆಗೌಡ, “ಮಾಸ್ತರ್ರೇ, ಅದನ್ನ ಕಟ್ಕಂಡು ಮರ ಹತ್ತಿದ್ರೆ ಉಸ್ರೇ ಕಟ್ತದೆ” ಎಂದ. ಒದ್ದೆಯಾದ ಬಟ್ಟೆಯ ಮಾಸ್ಕಿನ ಮಟ್ಟಿಗೆ ಅದು ನಿಜವೇ. ಹಾಗಾಗಿ ಮರದ ಮೇಲಿನ ಮಾಸ್ಕಿಗೆ ಪಟ್ಟು ಹಿಡಿಯದೆ, ಪುಡಿ ಕರಗಿಸುವ ಹೊತ್ತಿನಲ್ಲಿ ಕನ್ನಡಕ ಮತ್ತು ಕಣ ತಡೆಯುವ ಮಾಸ್ಕ್, ತುತ್ತವನ್ನು ಹಿಂದಿನ ರಾತ್ರಿಯೇ ಗೋಣಿಯಲ್ಲಿ ಕಟ್ಟಿ ನೀರಿಗಿಳಿಬಿಡುವುದು, ಬ್ಯಾರಲ್ಲನ್ನು ಬಾವಿಯಿಂದ ದೂರ ಇಡುವುದು, ಇಷ್ಟನ್ನು ಬರೆದುಕೊಟ್ಟೆ. ಈಗ ಕೆಲವರು ಫೈಬರ್ ದೋಟಿಯಿಂದ (ಉದ್ದನೆಯ ಕೋಲಿನಿಂದ) ನೆಲದಲ್ಲಿ ನಿಂತೇ ಹೊಡೆಯುತ್ತಾರೆ. ಮರದಿಂದ ಬೀಳುವ ಭಯ ತಪ್ಪಿತು, ಆದರೆ ತುಂತುರು ನೇರವಾಗಿ ಮೇಲೆತ್ತಿದ ಮುಖದ ಮೇಲೇ ಇಳಿಯುತ್ತದೆ. ಬರುವ ಮಳೆಗಾಲಕ್ಕೆ ಅವರ ಅಂಗಿಯ ಕೊರಳಪಟ್ಟಿಗೇ ಗಾಳಿ ಸೋಸುವ ಫಿಲ್ಟರ್ ಸಿಕ್ಕಿಸಿ ಅಳೆಯಲಿದ್ದೇನೆ.