ರದ್ದಾದ ನೋಂದಣಿ ಮರಳಿ ಪಡೆದ ಬಗೆ

ಪೆನಿಸಿಲಿನ್ ಕೊಡುವ ಮುನ್ನ ಅಲರ್ಜಿ ಇದೆಯೇ ಎಂದು ಆ ರೋಗಿಯನ್ನು ನಾನು ಕೇಳಲಿಲ್ಲ. ಚುಚ್ಚಿದ ಸ್ವಲ್ಪ ಹೊತ್ತಿಗೇ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟತೊಡಗಿತು. ಅಡ್ರಿನಲಿನ್ ಕೊಟ್ಟು ಉಳಿಸಿಕೊಂಡೆವು. ದೂರು ಬಂದ ದಿನ ಕೇಸ್ ಶೀಟ್ ತೆಗೆದು, ‘ಅಲರ್ಜಿ ಇಲ್ಲವೆಂದು ರೋಗಿ ಹೇಳಿದ್ದಾರೆ’ ಎಂದು ಬರೆದು ಸೇರಿಸಿದೆ. ವೈದ್ಯೆಯಾಗಿ ಕೆಲಸ ಮಾಡಲು ಬೇಕಾದ ನನ್ನ ನೋಂದಣಿ ರದ್ದಾದದ್ದು ಆ ಮರೆವಿಗಲ್ಲ, ಈ ಸಾಲಿಗೆ.

ಸಾಮಾನ್ಯವಾಗಿ ಅಮಾನತಿಗೆ ಒಂದು ಅವಧಿ ಇರುತ್ತದೆ. ರದ್ದಾದರೆ ಹಾಗಲ್ಲ. ಮತ್ತೆ ನಾವೇ ಅರ್ಜಿ ಹಾಕಬೇಕು, ಯೋಗ್ಯರೆಂದು ತೋರಿಸುವ ಹೊಣೆಯೂ ನಮ್ಮದೇ. ಮೊದಲ ಅರ್ಜಿಯಲ್ಲಿ ನಾನು ಇದನ್ನೇ ಮರೆತಿದ್ದೆ. ಅಂದು ಎಷ್ಟು ರೋಗಿಗಳಿದ್ದರು, ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೆ ಎಂದೆಲ್ಲ ಪುಟಗಟ್ಟಲೆ ಬರೆದೆ. ಎಲ್ಲವೂ ನಿಜ. ಆದರೆ ಸುಳ್ಳು ಸಾಲು ಬರೆದದ್ದು ನಿದ್ದೆಗೆಟ್ಟ ರಾತ್ರಿಯಲ್ಲಲ್ಲ, ಹಗಲಲ್ಲಿ, ಯೋಚಿಸಿಯೇ. ಅರ್ಜಿ ತಿರಸ್ಕೃತವಾಯಿತು. ಈಗ ಓದಿದರೆ, ತಿರಸ್ಕರಿಸಿದ್ದೇ ಸರಿ ಅನಿಸುತ್ತದೆ.

ಅಷ್ಟೂ ಕಾಲ ಮನೆಯವರಿಗೂ ಔಷಧ ಬರೆದುಕೊಡಲಿಲ್ಲ. ನೋಂದಣಿ ಇಲ್ಲದೆ ಬರೆದ ಒಂದು ಚೀಟಿ ಸಾಕು, ದಾರಿ ಪೂರ್ತಿ ಮುಚ್ಚಿಹೋಗಲು. ವಿಷಯ ಮುಚ್ಚಿಡದೆ ಹೇಳಿ, ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಗುಮಾಸ್ತಿಕೆಗೆ ಸೇರಿದೆ. ಕಲಿತದ್ದು ಅಲ್ಲೇ. ತಪ್ಪು ಬರೆದಿದ್ದರೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ದಿನಾಂಕ, ಸಮಯ ಹಾಕಬೇಕು. ತಡವಾಗಿ ಬರೆದದ್ದನ್ನು ತಡವಾಗಿ ಬರೆದದ್ದೆಂದೇ ಗುರುತಿಸಬೇಕು. ವಿದ್ಯಾರ್ಥಿಯಾಗಿದ್ದಾಗ ಕೇಳಿದ್ದ ಪಾಠವೇ ಅದು. ಆದರೆ ಮುಂದಿನ ಪಾಳಿಯ ವೈದ್ಯರು ಆ ಹಾಳೆಯನ್ನೇ ನಂಬಿ ಮದ್ದು ಕೊಡುವುದನ್ನು ದಿನವೂ ನೋಡಿದಾಗ, ನಾನು ಬರೆದ ಸಾಲು ಆ ರೋಗಿಯನ್ನು ಇನ್ನೊಮ್ಮೆ ಪೆನಿಸಿಲಿನ್‌ಗೆ ಒಡ್ಡಬಹುದಿತ್ತು ಎಂಬುದು ಎದೆಗೆ ತಟ್ಟಿತು.

ಎರಡನೆಯ ಅರ್ಜಿಯಲ್ಲಿ ಅದನ್ನೇ ಬರೆದೆ. ಜೊತೆಗೆ ತರಬೇತಿಗಳ ಪ್ರಮಾಣಪತ್ರ, ಬೇರೆ ವೈದ್ಯರ ಹೊರರೋಗಿ ವಿಭಾಗದಲ್ಲಿ ಬರೀ ನೋಡುತ್ತ ಕುಳಿತ ದಿನಗಳ ವಿವರ. ಶಿಫಾರಸು ಪತ್ರ ಕೇಳಲು ಹೋದಾಗ ಪ್ರತಿಯೊಬ್ಬರ ಕೈಗೂ ಮೊದಲು ಶಿಸ್ತು ಸಮಿತಿಯ ಆದೇಶವನ್ನು ಕೊಟ್ಟೆ. ಇಬ್ಬರು ಓದಿ ಹಿಂದೆ ಸರಿದರು. ನೋವಾಯಿತು ನಿಜ, ಆದರೆ ತಪ್ಪು ಏನೆಂದು ಗೊತ್ತಿಲ್ಲದವರು ಕೊಡುವ ಪತ್ರಕ್ಕೆ ಬೆಲೆಯಿಲ್ಲ.

ವಿಚಾರಣೆಯಲ್ಲಿ ವಕೀಲರು ಪಕ್ಕದಲ್ಲಿದ್ದರೂ ಉತ್ತರಿಸಬೇಕಾದವಳು ನಾನೇ. “ಇವತ್ತು ಸಂಜೆ ಅದೇ ತಪ್ಪಾದರೆ ಏನು ಮಾಡ್ತೀರಿ?” ಎಂದು ಸದಸ್ಯರೊಬ್ಬರು ಕೇಳಿದರು. “ಮೊದಲು ರೋಗಿಗೆ ಹೇಳ್ತೀನಿ ಸರ್, ಆಮೇಲೆ ಮೇಲಿನವರಿಗೆ. ಕೇಳಲಿಲ್ಲ ಅಂತಲೇ ಬರೀತೀನಿ” ಎಂದೆ.

ನೋಂದಣಿ ಷರತ್ತುಗಳೊಂದಿಗೆ ಮರಳಿತು: ಒಬ್ಬಳೇ ಪ್ರಾಕ್ಟೀಸ್ ಮಾಡುವಂತಿಲ್ಲ, ಮೇಲ್ವಿಚಾರಕರು ನನ್ನ ಕೇಸ್ ಶೀಟುಗಳನ್ನು ಪರಿಶೀಲಿಸಿ ವರದಿ ಕಳಿಸಬೇಕು, ಕೆಲಸಕ್ಕೆ ಸೇರುವಲ್ಲೆಲ್ಲ ಆದೇಶ ತೋರಿಸಬೇಕು. ಆ ಆದೇಶದ ಒಂದು ಪ್ರತಿ ಈಗಲೂ ನನ್ನ ಚೀಲದಲ್ಲಿದೆ.