ಉಬ್ಬರ ನೋಡಿ ಹೊರಡಿ, ಹಕ್ಕಿ ತಾನಾಗಿ ಹತ್ತಿರ ಬರುತ್ತದೆ

ಚಳಿಗಾಲದಲ್ಲಿ ಕಡಲ ಕಡೆ ಹಕ್ಕಿ ನೋಡಲು ಹೊರಡುವವರು ಸಾಮಾನ್ಯವಾಗಿ ಗಡಿಯಾರ ನೋಡಿ ಹೊರಡುತ್ತಾರೆ. ಕಾಡಿಗೆ ಹೋಗುವ ಹಾಗೆ ಕತ್ತಲಲ್ಲೇ ಎದ್ದು, ಬೆಳಕು ಹರಿಯುವಾಗ ದಡದಲ್ಲಿ ನಿಲ್ಲುತ್ತಾರೆ. ನಾನೂ ಎರಡು ಚಳಿಗಾಲ ಹಾಗೇ ಮಾಡಿದೆ. ಎಷ್ಟೋ ಸಲ ನೀರು ಪೂರ್ತಿ ಇಳಿದಿರುತ್ತಿತ್ತು. ಕಣ್ಣು ಹಾಯುವಷ್ಟು ದೂರ ಬರೀ ಕೆಸರು. ಅದರ ಆಚೆ ಅಂಚಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು. ಅವು ಹಕ್ಕಿಗಳು ಎಂಬುದು ಗೊತ್ತಾಗುತ್ತಿತ್ತು, ಯಾವ ಹಕ್ಕಿ ಎಂಬುದು ಗೊತ್ತಾಗುತ್ತಿರಲಿಲ್ಲ.

ಈ ಹಕ್ಕಿಗಳ, ಅಂದರೆ ದಡದ ಕೆಸರಿನಲ್ಲಿ ಮೇಯುವ ಗೊರವಗಳ, ದಿನಚರಿ ನಡೆಸುವುದು ನೀರಿನ ಏರಿಳಿತ. ನೀರು ಇಳಿದಾಗ ಮೇಯುತ್ತವೆ, ಏರಿದಾಗ ಒಂದೆಡೆ ಸೇರಿ ವಿಶ್ರಮಿಸುತ್ತವೆ. ರಾತ್ರಿ ಇಳಿತ ಬಂದರೆ ರಾತ್ರಿಯೂ ಮೇಯುತ್ತವೆ. ಆದ್ದರಿಂದ ಮೊದಲ ಕೆಲಸ ಅಲಾರಂ ಇಡುವುದಲ್ಲ, ಉಬ್ಬರದ ವೇಳೆ ನೋಡುವುದು.

ಮೊದಲು ನೀರಿನ ಲೆಕ್ಕ

ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ಇವತ್ತಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅರ್ಧ ಚಂದ್ರನ ದಿನಗಳಲ್ಲಿ ಏರಿಳಿತ ಕಡಿಮೆ. ನಿಮ್ಮ ಹತ್ತಿರದ ಬಂದರಿನ ಉಬ್ಬರದ ಪಟ್ಟಿ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಅಳಿವೆಯ ಒಳಗೆ ಹೋದಷ್ಟೂ ನೀರು ತಡವಾಗಿ ಏರುತ್ತದೆ, ಅದನ್ನು ಸೇರಿಸಿಕೊಳ್ಳಿ. ಅಲ್ಲೇ ಮೀನು ಹಿಡಿಯುವವರನ್ನು ಕೇಳಿದರೆ ಇನ್ನೂ ಸರಿಯಾಗಿ ಹೇಳುತ್ತಾರೆ.

ಉಬ್ಬರ ತುಂಬುವ ಎರಡು ಗಂಟೆ ಮೊದಲು ಜಾಗದಲ್ಲಿರಿ. ನೀರು ಏರುತ್ತಾ ಬಂದಂತೆ ಕೆಸರಿನ ಬಯಲು ಕಿರಿದಾಗುತ್ತದೆ. ದೂರದ ಅಂಚಿನಲ್ಲಿದ್ದ ಹಕ್ಕಿಗಳು ಒಂದೊಂದೇ ಹೆಜ್ಜೆ ದಡದ ಕಡೆ ಸರಿಯುತ್ತವೆ. ನೀವು ಅವುಗಳ ಹಿಂದೆ ಹೋಗಬೇಕಿಲ್ಲ. ಸುಮ್ನೆ ಕೂತಿದ್ದರೆ ನೀರೇ ಅವುಗಳನ್ನು ನಿಮ್ಮ ಮುಂದೆ ತಂದು ನಿಲ್ಲಿಸುತ್ತದೆ. ಸೂರ್ಯ ಬೆನ್ನ ಹಿಂದೆ ಇರುವ ಕಡೆ ಕೂರಿ. ಎದುರು ಬಿಸಿಲಿನಲ್ಲಿ ಹಕ್ಕಿಗಳೆಲ್ಲ ಕಪ್ಪು ನೆರಳುಗಳೇ. ನಡು ಮಧ್ಯಾಹ್ನ ಕೆಸರಿನ ಮೇಲೆ ಗಾಳಿ ಕುದಿಯುತ್ತದೆ, ಎಂಥ ಒಳ್ಳೆಯ ಬೈನಾಕ್ಯುಲರ್ ಇದ್ದರೂ ಚಿತ್ರ ನಡುಗುತ್ತದೆ. ಬೆಳಿಗ್ಗೆ ಎಂಟು ಒಂಬತ್ತಕ್ಕೆ ಅಥವಾ ಸಂಜೆ ನಾಲ್ಕೈದಕ್ಕೆ ಉಬ್ಬರ ತುಂಬುವ ದಿನ ಸಿಕ್ಕರೆ ಬಿಡಬೇಡಿ.

ಒಂದು ಎಚ್ಚರಿಕೆ. ಕೆಸರಿಗೆ ಇಳಿಯಬೇಡಿ. ಮೇಲೆ ಗಟ್ಟಿ ಕಂಡ ಕೆಸರು ಮೊಣಕಾಲವರೆಗೆ ಎಳೆದುಕೊಳ್ಳುತ್ತದೆ. ಏರುವ ನೀರು ಯಾವಾಗಲೂ ಎದುರಿನಿಂದಲೇ ಬರುತ್ತದೆ ಎಂದುಕೊಳ್ಳಬೇಡಿ, ಅದು ಮೊದಲು ಕಾಲುವೆಗಳಲ್ಲಿ ತುಂಬಿ ನಿಮ್ಮ ಹಿಂದಿನಿಂದ ಸುತ್ತುವರಿಯಬಹುದು.

ಕೈಯಲ್ಲಿ ಏನಿರಬೇಕು

8x42 ಬೈನಾಕ್ಯುಲರ್ ಸಾಕು. 8 ಎಂದರೆ ಎಂಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ಗಳಲ್ಲಿ. ಹತ್ತು ಪಟ್ಟಿನದು ಆಸೆ ಹುಟ್ಟಿಸುತ್ತದೆ, ಆದರೆ ಕಡಲ ಗಾಳಿಗೆ ಕೈ ಅಲುಗಿದರೆ ಚಿತ್ರವೂ ಅಷ್ಟೇ ಜಾಸ್ತಿ ಅಲುಗುತ್ತದೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲಿನ ಟೆಲಿಸ್ಕೋಪ್ ಇದ್ದವರ ಜೊತೆ ಹೋಗಲು ಸಾಧ್ಯವಾದರೆ ಹೋಗಿ. ಟೋಪಿ, ನೀರು, ಮಾಸಲು ಬಣ್ಣದ ಬಟ್ಟೆ, ಒಂದು ಪುಟ್ಟ ನೋಟ್‌ಬುಕ್. ಅಷ್ಟೇ.

ಬಣ್ಣ ಬಿಡಿ, ಕೊಕ್ಕು ನೋಡಿ

ಹೊಸಬರು ಸೋಲುವುದು ಇಲ್ಲೇ. ಪುಸ್ತಕದಲ್ಲಿ ಇಟ್ಟಿಗೆ ಕೆಂಪು, ಕಪ್ಪು ಹೊಟ್ಟೆ, ಹೊನ್ನಿನ ಬೆನ್ನು. ಎದುರಿಗೆ ನಿಂತದ್ದು ಮಾತ್ರ ಎಲ್ಲಾ ಬೂದಿ ಬಣ್ಣ. ಆ ಚಂದದ ಬಣ್ಣಗಳು ಸಂತಾನದ ಕಾಲದವು, ಉತ್ತರದ ತಣ್ಣನೆಯ ನಾಡುಗಳಲ್ಲಿ ಮೊಟ್ಟೆ ಇಡುವಾಗ ತೊಟ್ಟವು. ಚಳಿಗಾಲಕ್ಕೆ ಬಹುತೇಕ ಗೊರವಗಳು ಅದನ್ನು ಕಳಚಿ ಮಾಸಲು ಗರಿ ಹೊದ್ದು ಬರುತ್ತವೆ. ಆದ್ದರಿಂದ ಬಣ್ಣವನ್ನು ಪಕ್ಕಕ್ಕಿಟ್ಟು ಮೂರು ಪ್ರಶ್ನೆ ಕೇಳಿಕೊಳ್ಳಿ: ಕೊಕ್ಕು ಹೇಗಿದೆ? ಕಾಲು ಯಾವ ಬಣ್ಣ? ನಡಿಗೆ ಎಂಥದು?

ಕೊಕ್ಕು ಹೇಗಿದೆಯೋ ಊಟವೂ ಹಾಗೆ. ಪ್ಲೋವರ್‌ಗಳಿಗೆ ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ಅವು ನೋಡಿ ಹಿಡಿಯುತ್ತವೆ. ನಾಲ್ಕು ಹೆಜ್ಜೆ ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ಕುಕ್ಕುತ್ತವೆ. ಸ್ಯಾಂಡ್‌ಪೈಪರ್‌ಗಳದ್ದು ಬೇರೆ ರೀತಿ. ತಲೆ ಎತ್ತದೆ ಕೆಸರಿನೊಳಗೆ ಚುಚ್ಚುತ್ತಲೇ ಹೋಗುತ್ತವೆ. ಅವುಗಳ ಕೊಕ್ಕಿನ ತುದಿಯಲ್ಲಿ ಸ್ಪರ್ಶದ ನರಗಳು ತುಂಬಿವೆ, ಕಾಣದ ಹುಳುವನ್ನು ತಡಕಿ ಹಿಡಿಯುತ್ತವೆ. ದೂರದಿಂದ ಬಣ್ಣ ಕಾಣದಿದ್ದರೂ ಈ ಎರಡು ನಡಿಗೆ ಕಾಣುತ್ತವೆ. ಇಷ್ಟರಿಂದಲೇ ಅರ್ಧ ಹಕ್ಕಿಗಳು ಬೇರೆಯಾಗುತ್ತವೆ.

ಇನ್ನು ಕೆಲವು ತಾವೇ ಹೆಸರು ಹೇಳಿಬಿಡುತ್ತವೆ. ಅಲೆ ಹಿಂದೆ ಸರಿದಾಗ ಅದರ ಹಿಂದೆ ಓಡಿ, ಅಲೆ ಬಂದಾಗ ತಿರುಗಿ ಓಡಿ, ಜೂಟಾಟ ಆಡುವ ಬಿಳಿಬಿಳಿ ಪುಟ್ಟ ಹಕ್ಕಿ ಸ್ಯಾಂಡರ್‌ಲಿಂಗ್. ಅದಕ್ಕೆ ಹಿಂಬೆರಳೇ ಇಲ್ಲ, ಒದ್ದೆ ಮರಳಿನ ಹೆಜ್ಜೆ ಗುರುತು ನೋಡಿದರೂ ತಿಳಿಯುತ್ತದೆ. ಕಲ್ಲು, ಚಿಪ್ಪು, ಕಡಲಕಳೆಯನ್ನು ಕೊಕ್ಕಿನಿಂದ ಮಗುಚಿ ಹುಡುಕುವುದು ಟರ್ನ್‌ಸ್ಟೋನ್. ಕೆಂಪು ಕಾಲು, ಹಾರಿದಾಗ ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಗಲ ಬಿಳಿ ಪಟ್ಟಿ, ಜೊತೆಗೆ ಊರಿಗೆಲ್ಲ ಸುದ್ದಿ ಮುಟ್ಟಿಸುವ ಕೂಗು ಎಂದರೆ ಕೆಂಪುಗಾಲಿನ ಗೊರವ. ಹಸಿರು ಕಾಲಿನದು ಅದಕ್ಕಿಂತ ತುಸು ಎತ್ತರ, ಮೂರು ಸಲ ಟ್ಯೂ ಟ್ಯೂ ಟ್ಯೂ ಎನ್ನುತ್ತದೆ. ದುಂಡಗಿನ ಬೂದು ಪ್ಲೋವರ್ ಹಾರಿದಾಗ ಕಂಕುಳು ನೋಡಿ. ಕಡುಕಪ್ಪು ಮಚ್ಚೆ ಕಂಡರೆ ಅನುಮಾನ ಬೇಡ, ಅದು ಗ್ರೇ ಪ್ಲೋವರ್.

ಒಂದು ಹಕ್ಕಿಯನ್ನು ಆರಿಸಿಕೊಂಡು ಇಪ್ಪತ್ತು ನಿಮಿಷ ನೋಡಿ. ಇದನ್ನು ಒತ್ತಿ ಹೇಳುತ್ತೇನೆ. ನಲವತ್ತು ಹೆಸರು ಬರೆದುಕೊಳ್ಳುವುದಕ್ಕಿಂತ ಇದರಿಂದ ಕಲಿಯುವುದು ಜಾಸ್ತಿ. ಒಂದು ಬೆಳಿಗ್ಗೆ ನನ್ನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಕರ್ಲ್ಯೂ ಒಂದು ಮೇಯುತ್ತಿತ್ತು. ಕುಡುಗೋಲಿನಂತೆ ಕೆಳಗೆ ಬಾಗಿದ, ಸುಮಾರು 15 ಸೆಂಟಿಮೀಟರ್ ಕೊಕ್ಕು. ಅಷ್ಟು ಉದ್ದ ಇದ್ದುದರಿಂದ ಹೆಣ್ಣಿರಬೇಕು, ಗಂಡಿನದು ಗಿಡ್ಡ. ಕೊಕ್ಕನ್ನು ಒಂದು ಬಿಲಕ್ಕೆ ಇಳಿಸಿತು. ಕಣ್ಣಿನವರೆಗೂ ಇಳಿಸಿತು. ಬಾಗಿದ ಬಿಲದ ದಾರಿ ಹಿಡಿದು ಕತ್ತನ್ನು ಮೆಲ್ಲಗೆ ತಿರುಗಿಸಿತು. ಒಂದು ಕ್ಷಣ ಅಲ್ಲಾಡಲಿಲ್ಲ. ಆಮೇಲೆ ಹೊರಗೆ ಬಂದದ್ದು ಏಡಿ, ಕೊಕ್ಕಿನ ತುದಿಯಲ್ಲಿ ಒದ್ದಾಡುತ್ತಿತ್ತು. ಒಂದು ಕಾಲು ಹಿಡಿದು ಕೊಡವಿತು, ಕಾಲು ಕಳಚಿ ಬಿತ್ತು. ಇನ್ನೊಂದು ಹಿಡಿದು ಕೊಡವಿತು. ಕೊನೆಗೆ ಬರೀ ಮೈ ಉಳಿದಾಗ ಪಕ್ಕದ ಗುಂಡಿಯ ನೀರಿನಲ್ಲಿ ಅದ್ದಿ, ತಲೆ ಮೇಲೆತ್ತಿ, ಎರಡು ಸಲ ಕತ್ತು ಝಾಡಿಸಿ ಒಳಗೆ ಇಳಿಸಿಕೊಂಡಿತು. ಬಾಗಿದ ಕೊಕ್ಕು ಯಾಕೆ ಬೇಕು ಅಂತ ಆಮೇಲೆ ನಾನು ಯಾರನ್ನೂ ಕೇಳಲಿಲ್ಲ.

ಕಡಲ ಹಕ್ಕಿಗಳನ್ನು, ಅಂದರೆ ಗಲ್‌ಗಳನ್ನು, ಮೊದಲ ವರ್ಷ ತಲೆಗೆ ಹಚ್ಚಿಕೊಳ್ಳಬೇಡಿ. ದೊಡ್ಡ ಗಲ್ ಮರಿಯಿಂದ ಪೂರ್ಣ ಬಣ್ಣಕ್ಕೆ ಬರಲು ಸುಮಾರು ನಾಲ್ಕು ವರ್ಷ ಬೇಕು, ವರ್ಷಕ್ಕೊಂದು ವೇಷ. ಗೊರವಗಳು ಪರಿಚಯವಾದ ಮೇಲೆ ಅವಕ್ಕೆ ಕೈ ಹಾಕಿದರೆ ಸುಲಭ.

ಎಲ್ಲವೂ ಒಟ್ಟಿಗೆ ಎದ್ದಾಗ

ಮೇಯುತ್ತಿದ್ದ ನೂರಾರು ಹಕ್ಕಿಗಳು ಒಂದೇ ಏಟಿಗೆ ಎದ್ದರೆ ಅವುಗಳನ್ನು ನೋಡುತ್ತಾ ಕೂರಬೇಡಿ, ಆಕಾಶ ನೋಡಿ. ಡೇಗೆ ಬಂದಿರಬಹುದು. ಪೆರೆಗ್ರಿನ್ ಡೇಗೆ ಎತ್ತರದಿಂದ ಎರಗುತ್ತದೆ. ಜೌಗು ಸೆಳೆವ ಎಂಬ ಬೇಟೆಹಕ್ಕಿ ರೆಕ್ಕೆಯನ್ನು ವಿ ಆಕಾರದಲ್ಲಿ ಎತ್ತಿ ಹುಲ್ಲಿನ ಮೇಲೆ ತೇಲುತ್ತಾ ಬರುತ್ತದೆ. ಗುಂಪು ಒತ್ತಾಗಿ ಸೇರಿ, ಬೆನ್ನು ತಿರುಗಿಸಿದಾಗ ಬೂದಿ, ಹೊಟ್ಟೆ ತಿರುಗಿಸಿದಾಗ ಬೆಳ್ಳಗೆ ಮಿಂಚುತ್ತದೆ. ಒಂಟಿಯಾದ ಹಕ್ಕಿಗೆ ಅಪಾಯ ಜಾಸ್ತಿ.

ನೀರು ತುಂಬಿದ ಮೇಲೆ ಒಳಗೆ ನಡೆಯಿರಿ

ಉಬ್ಬರ ತುಂಬಿತು, ಕೆಸರು ಮುಳುಗಿತು. ಮನೆಗೆ ಹೊರಡುವ ಸಮಯ ಅಲ್ಲ ಇದು. ಹಕ್ಕಿಗಳು ಎತ್ತ ಹಾರಿದವು ಅಂತ ನೋಡಿದಿರಿ ಅಲ್ವಾ? ಅತ್ತಲೇ ಹೊರಡಿ. ಉಪ್ಪಿನ ಗದ್ದೆ, ಮರಳ ದಿಣ್ಣೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚು, ಬಿತ್ತದೆ ಬಿಟ್ಟ ಜೌಗು ಗದ್ದೆ, ಹಿನ್ನೀರಿನ ಬದು. ಅಲ್ಲಿ ಎಲ್ಲವೂ ಗಾಳಿಗೆ ಮುಖ ಮಾಡಿ, ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ ನಿಂತಿರುತ್ತವೆ. ಬಹಳಷ್ಟು ಒಂಟಿಗಾಲಿನಲ್ಲಿ. ಗಾಯವಾಗಿದೆ ಎಂದು ಮರುಗಬೇಡಿ. ಇನ್ನೊಂದು ಕಾಲನ್ನು ಬೆಚ್ಚಗೆ ಹೊಟ್ಟೆಯ ಗರಿಯೊಳಗೆ ಇಟ್ಟುಕೊಂಡಿರುತ್ತವೆ. ಒಂದೇ ಕಾಲಿನಲ್ಲಿ ಕುಪ್ಪಳಿಸಿಕೊಂಡು ಜಾಗ ಬದಲಿಸುವುದೂ ಉಂಟು.

ಪಕ್ಕದ ಸಿಹಿನೀರಿನ ಕೆರೆಯಲ್ಲಿ ಬಾತುಗಳು. ಚಳಿಗಾಲ ಶುರುವಾಗುವಾಗ ಹೋದರೆ ಎಲ್ಲವೂ ಹೆಣ್ಣಿನಂತೆ ಕಂದು ಬಣ್ಣದಲ್ಲಿ ಕಾಣಬಹುದು. ಗಂಡುಗಳು ಹಳೆಯ ಗರಿ ಉದುರಿಸಿ ಇನ್ನೂ ಹೊಸ ಬಣ್ಣ ತೊಟ್ಟಿರುವುದಿಲ್ಲ. ಡಿಸೆಂಬರ್, ಜನವರಿಗೆ ಹೋದರೆ ಕಷ್ಟವಿಲ್ಲ. ಸೂಜಿಬಾಲದ ಬಾತು ಬಾಲ ಮೇಲೆ ಮಾಡಿ ತಲೆಯನ್ನು ನೀರಿಗೆ ಇಳಿಸುತ್ತದೆ. ಸಟ್ಟುಗದಂಥ ಅಗಲ ಕೊಕ್ಕಿನ ಶವಲರ್‌ಗಳು ಒಂದರ ಹಿಂದೆ ಒಂದು ಸುತ್ತು ಹಾಕುತ್ತಾ ನೀರು ಸೋಸುತ್ತವೆ. ಅವುಗಳ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯಂಥ ಸಣ್ಣ ಹಲ್ಲುಗಳಿವೆ. ಬದುವಿನ ಹುಲ್ಲಿನಲ್ಲಿ ಕಾಲಡಿಯಿಂದಲೇ ಬುರ್ರನೆ ಎದ್ದು ಅಂಕುಡೊಂಕಾಗಿ ಹಾರಿ ಹೋದದ್ದು ಉಲ್ಲಂಕಿ (ಸ್ನೈಪ್). ಅದನ್ನು ನಿಂತಲ್ಲಿ ನೋಡಲು ಒಣ ಹುಲ್ಲಿನ ಗೆರೆಗಳ ನಡುವೆ ಅದರ ಕಣ್ಣನ್ನು ಹುಡುಕಬೇಕು.

ಎಷ್ಟು ಹತ್ತಿರ ಹೋಗಬಹುದು?

ಅದನ್ನು ಹಕ್ಕಿಯೇ ಹೇಳುತ್ತದೆ. ಮಲಗಿದ್ದವು ಕೊಕ್ಕು ಹೊರತೆಗೆದವು, ಕತ್ತು ಉದ್ದ ಮಾಡಿದವು, ಒಂದೆರಡು ಹೆಜ್ಜೆ ಆಚೆ ಸರಿದವು ಎಂದರೆ ನೀವು ಆಗಲೇ ಮಿತಿ ದಾಟಿದ್ದೀರಿ. ಅಲ್ಲೇ ಕುಳಿತುಬಿಡಿ, ಇಲ್ಲವೇ ಮೆಲ್ಲಗೆ ಹಿಂದೆ ಬನ್ನಿ. ಫೋಟೊಗಾಗಿ ಎಬ್ಬಿಸುವುದು, ಡ್ರೋನ್ ಹಾರಿಸುವುದು, ನಾಯಿ ಬಿಡುವುದು ಖಂಡಿತ ಬೇಡ.

ಒಂದು ಸಲ ಎಬ್ಬಿಸಿದರೆ ಏನಾಯ್ತು ಅನ್ನಿಸಬಹುದು. 2022ರ ಅಕ್ಟೋಬರ್‌ನಲ್ಲಿ ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ಗೊರವ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾಕ್ಕೆ ಹಾರಿತು. 13,560 ಕಿಲೋಮೀಟರ್, 11 ದಿನ, ನಡುವೆ ಎಲ್ಲೂ ಇಳಿಯದೆ. ಅದರ ಬೆನ್ನಿನ ಮೇಲಿದ್ದ ಉಪಗ್ರಹ ಟ್ಯಾಗ್‌ನಿಂದ ಇದು ತಿಳಿಯಿತು. ಆ ಹಕ್ಕಿಗೆ ಆಗ ಐದು ತಿಂಗಳು. ಹೊರಡುವ ಮೊದಲು ಈ ಹಕ್ಕಿಗಳು ಮೈತುಂಬ ಕೊಬ್ಬು ತುಂಬಿಕೊಳ್ಳುತ್ತವೆ, ಭಾರ ಕಡಿಮೆ ಮಾಡಲು ಜೀರ್ಣಾಂಗಗಳನ್ನೇ ಕುಗ್ಗಿಸಿಕೊಳ್ಳುತ್ತವೆ. ಆ ಕೊಬ್ಬು ಬರುವುದು ನಿಮ್ಮ ಎದುರಿನ ಕೆಸರಿನ ಹುಳುಗಳಿಂದ. ದಿನಕ್ಕೆ ಹತ್ತು ಸಲ ಎಬ್ಬಿಸಿದರೆ ತಿಂದದ್ದು ಅಲ್ಲಲ್ಲೇ ಖರ್ಚಾಗುತ್ತದೆ.

ಎಣಿಸಿ, ಬರೆದಿಡಿ

ದೊಡ್ಡ ಗುಂಪು ಎಣಿಸಲು ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಲ್ಲಿ ಹಿಡಿದುಕೊಳ್ಳಿ. ಅದೇ ಅಳತೆಯನ್ನು ಗುಂಪಿನ ಉದ್ದಕ್ಕೂ ಇಡುತ್ತಾ ಹೋಗಿ. ಎರಡು ಸಲ ಎಣಿಸಿ, ಎರಡೂ ಸಂಖ್ಯೆ ಹತ್ತಿರ ಬಂದರೆ ಬರೆಯಿರಿ. ದಿನಾಂಕ, ವೇಳೆ, ಉಬ್ಬರದ ಹಂತ ಕೂಡ ಇರಲಿ.

ಈ ಸಂಖ್ಯೆಗಳಿಗೆ ಬೆಲೆ ಇದೆ. 2002ರಲ್ಲಿ ಶುರುವಾದ ಇಬರ್ಡ್ ಎಂಬ ಜಾಲತಾಣಕ್ಕೆ ಯಾರು ಬೇಕಾದರೂ ತಾವು ಕಂಡ ಹಕ್ಕಿಗಳ ಪಟ್ಟಿ ಸೇರಿಸಬಹುದು. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಜನವರಿಯಲ್ಲಿ ನಡೆಯುತ್ತಿದೆ, ಎಣಿಸುವವರು ಬಹುತೇಕ ಸ್ವಯಂಸೇವಕರು. ಹಕ್ಕಿಯ ಕಾಲಿನಲ್ಲಿ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಂಡರಂತೂ ಮನಸ್ಸಿಟ್ಟು ನೋಡಿ. ಯಾವ ಕಾಲು, ಮೊಣಗಂಟಿನ ಮೇಲೋ ಕೆಳಗೋ, ಯಾವ ಬಣ್ಣ, ಎರಡಿದ್ದರೆ ಯಾವುದು ಮೇಲೆ, ಅಕ್ಷರ ಇದ್ದರೆ ಏನು. ಬಣ್ಣ ಎಂದರೆ ಪಟ್ಟಿ ಕಟ್ಟಿದ ಊರು. ಪೂರ್ವ ಏಷ್ಯಾ–ಆಸ್ಟ್ರೇಲಿಯಾ ವಲಸೆ ಹಾರುದಾರಿಯಲ್ಲಿ ಒಂಟಿ ಹಳದಿ ಪಟ್ಟಿ ವಾಯವ್ಯ ಆಸ್ಟ್ರೇಲಿಯಾದ್ದು. ಪಟ್ಟಿ ಕಟ್ಟಿದವರಿಗೆ ಸುದ್ದಿ ಮುಟ್ಟಿಸಿದರೆ ಹೆಚ್ಚಿನವರು ಆ ಹಕ್ಕಿಯ ಇಡೀ ಪ್ರಯಾಣದ ವಿವರ ಕಳಿಸುತ್ತಾರೆ.

ಮಾರ್ಚ್ ಕೊನೆಗೆ ಇನ್ನೊಮ್ಮೆ ಅದೇ ಜಾಗಕ್ಕೆ ಹೋಗಿ. ಬೂದಿ ಬಣ್ಣದ ಕರ್ಲ್ಯೂ ಸ್ಯಾಂಡ್‌ಪೈಪರ್‌ನ ಎದೆಯಲ್ಲಿ ಅಲ್ಲಲ್ಲಿ ಇಟ್ಟಿಗೆ ಕೆಂಪು ಮೂಡಿರುತ್ತದೆ, ಹೊಟ್ಟೆ ದುಂಡಗಾಗಿರುತ್ತದೆ. ಮೇಯುವ ಆತುರ ಜಾಸ್ತಿ. ಸಂಜೆಯವರೆಗೂ ಕಾಯಿರಿ. ಬೆಳಕು ಇಳಿಯುವ ಹೊತ್ತಿಗೆ ಕೆಲವು ಕೂಗಲು ಶುರುಮಾಡುತ್ತವೆ. ಒಂದು ಪುಟ್ಟ ಗುಂಪು ಮೇಲೇಳುತ್ತದೆ. ದಿನವೂ ಮಾಡುವ ಹಾಗೆ ಸುತ್ತು ಹಾಕಿ ಕೆಳಗಿಳಿಯುವುದಿಲ್ಲ. ಏರುತ್ತಾ ಏರುತ್ತಾ ಹೋಗುತ್ತದೆ, ಕಾಣದಾದ ಮೇಲೂ ಸ್ವಲ್ಪ ಹೊತ್ತು ಕೂಗು ಕೇಳುತ್ತಿರುತ್ತದೆ.